ಜನವರಿ ಒಂದರಂದು ಹುಟ್ಟಿದ ಸಾಲು

ಮಾರ್ಚ್ 4, ಮಂಗಳವಾರ. ಬೆಳಗ್ಗೆ 5:40

ಅರವತ್ತು ಪುಟಗಳ ಒಡೆಯರೂ, ನೀಲಿ ರಟ್ಟಿನ ಕವಚಧಾರಿಗಳೂ, ಎಡಮೂಲೆಯಲ್ಲಿ ಲೋಟದ ತಳದ ವೃತ್ತಮುದ್ರೆಯಿಂದ ಅಲಂಕೃತರೂ ಆದ ಶ್ರೀಮನ್ಮಹಾ ನೋಟ್‌ಬುಕ್ ಪ್ರಭುಗಳ ದಿವ್ಯ ಸನ್ನಿಧಿಗೆ— ಲಾಂಡ್ರಿಯ ಎರಡನೇ ಇಸ್ತ್ರಿ ರೋಲರಿನ ಬಲಬದಿಯ ಹುಡುಗಿ, ದ್ವಿತೀಯ ವರ್ಷದ ಪದವಿ ವಿದ್ಯಾರ್ಥಿನಿ, ಸಾಷ್ಟಾಂಗವೆರಗಿ ಮಾಡುವ ಬಿನ್ನಹ ಏನೆಂದರೆ: ಲ್ಯಾಪ್‌ಟಾಪ್ ಮತ್ತೆ ಅಪ್‌ಡೇಟ್ ಆಗುತ್ತಿದೆ. ಶೇಕಡಾ ಹನ್ನೆರಡು. ಅದಕ್ಕೇ ತಮ್ಮ ನೆನಪಾಯಿತು.

ಮೂವರ ನಡುವೆ ಇದೊಂದೇ ಲ್ಯಾಪ್‌ಟಾಪ್; ನನ್ನ ಪಾಳಿ ಐದೂವರೆಯಿಂದ ಏಳು. ಆಮೇಲೆ ಲಾಂಡ್ರಿ. ಮಧ್ಯಾಹ್ನದ ಪಾಳಿ ಚಿಕ್ಕಮ್ಮನದು, ಹಲ್ಲಿನ ಡಾಕ್ಟರ ಕ್ಲಿನಿಕ್ ಒರೆಸಿ ಬಂದ ಮೇಲೆ. ಸಂಜೆಯದು ಕತ್ತರಿಯದು. ಕತ್ತರಿ ಅಂದರೆ ಕೆಳಗಿನ ಕ್ಷೌರದಂಗಡಿಯವನು. ಅವನಿಗೂ ಬೇರೆ ಹೆಸರಿದೆ, ಅವನೇ ಮರೆತಿದ್ದಾನೆ. ಮೂವರಿಗೂ ಒಂದೇ ಆನ್‌ಲೈನ್ ಕೋರ್ಸು, ಸಾರ್ವಜನಿಕ ಆರೋಗ್ಯ. ಫೀಸು ಕಟ್ಟುವ ದಾನಿಗಳು ಕೊಟ್ಟದ್ದು ಅದೊಂದೇ. ದಾನಿಗಳನ್ನು ನಾವು ನೋಡಿಲ್ಲ. ವರ್ಷಕ್ಕೊಮ್ಮೆ ನಮ್ಮ ಫೋಟೋ ಹೋಗುತ್ತದೆ. ನಗುತ್ತಿರಬೇಕು, ಆದರೆ ತೀರಾ ನಗಬಾರದು.

ಶೇಕಡಾ ಹದಿಮೂರು.

ಮಾರ್ಚ್ 6, ಗುರುವಾರ. ಬೆಳಗ್ಗೆ 6:15

ವಿಶ್ವವಿದ್ಯಾಲಯದಿಂದ ಪತ್ರ ಬಂದಿದೆ. ಮೂರು ಪತ್ರ, ಅಕ್ಷರಶಃ ಒಂದೇ. "ಪ್ರಿಯ ವಿದ್ಯಾರ್ಥಿ, ಮೂರು ಖಾತೆ, ಒಂದು ಲ್ಯಾಪ್‌ಟಾಪ್, ಒಂದು ವಿಳಾಸ, ಒಂದು ಜನ್ಮದಿನಾಂಕ ಕಂಡುಬಂದಿದೆ. ಒಬ್ಬರೇ ವ್ಯಕ್ತಿ ಮೂರು ಖಾತೆ ನಡೆಸುತ್ತಿರುವ ಅನುಮಾನವಿದೆ." ಖಾತೆಗಳಿಗೆ ಬೀಗ. ಹದಿನಾಲ್ಕು ದಿನದೊಳಗೆ ವಿವರಣೆ ಕೊಡಬೇಕು. ಪರೀಕ್ಷೆ 28ಕ್ಕೆ. ಒಂದು ಪರೀಕ್ಷೆ ತಪ್ಪಿದರೆ ದಾನಿಗಳು ಕೈಬಿಡುತ್ತಾರೆ— ಒಂಬತ್ತನೇ ನಿಯಮ.

ಜನ್ಮದಿನಾಂಕದ ಕಥೆ ತಮಗೆ ಹೇಳಿಲ್ಲ, ಪ್ರಭುಗಳೇ. ಐದು ವರ್ಷದ ಹಿಂದೆ, ಊರು ಬಿಟ್ಟು ಗಡಿ ದಾಟಿ ಬಂದಾಗ, ಈಚೆ ಒಂದು ಮೇಜು. ಮೇಜಿನ ಹಿಂದೆ ಒಬ್ಬ ಗುಮಾಸ್ತ. ಹುಟ್ಟಿದ ದಿನ? ಚಿಕ್ಕಮ್ಮ, "ಮಳೆ ನಿಂತ ಮೇಲೆ," ಅಂದಳು. ಅವನ ಕಾಲಮಿನಲ್ಲಿ ಮಳೆಗೆ ಜಾಗ ಇರಲಿಲ್ಲ. ಜನವರಿ ಒಂದು ಅಂತ ಬರೆದ. ವರ್ಷವನ್ನೂ ಅವನೇ ಹಾಕಿದ, ಮುಖ ಎತ್ತದೆ, ಎಲ್ಲರಿಗೂ ಹದಿನೆಂಟು ತುಂಬುವ ಹಾಗೆ. ನನಗೆ ಆಗ ಹದಿನೈದು, ಚಿಕ್ಕಮ್ಮನಿಗೆ ಇಪ್ಪತ್ತೇಳು. ನನಗೆ ಮೂರು ವರ್ಷ ದಾನ ಮಾಡಿದ, ಅವಳಿಂದ ಒಂಬತ್ತು ಕಿತ್ತುಕೊಂಡ. ಚಿಕ್ಕಮ್ಮ ತಕರಾರು ಮಾಡಲಿಲ್ಲ. ನಮ್ಮ ಹಿಂದೆ ಕತ್ತರಿ ನಿಂತಿದ್ದ. ಅವನ ಹಿಂದೆ ಇನ್ನೂ ಎಷ್ಟೋ ಜನ. ಇಡೀ ಸಾಲು ಒಂದೇ ದಿನ ಹುಟ್ಟಿತು.

ಅದೇ ದಿನ, ಮಧ್ಯಾಹ್ನ 1:20

ವಿವರಣೆಗೆ ಒಂದು ಡಬ್ಬಿ ಕೊಟ್ಟಿದ್ದಾರೆ. ಮುನ್ನೂರು ಅಕ್ಷರ ಹಿಡಿಯುತ್ತದೆ. ಚಿಕ್ಕಮ್ಮ, ಕೋರ್ಸಿನ ಸಂಯೋಜಕಿ ಮೇಡಂ ಹತ್ತಿರ ಕೇಳಿ ನಿಧಾನವಾಗಿ ಬರೆಯೋಣ, ಮುಟ್ಟಬೇಡ ಅಂದಿದ್ದಳು. ಮುಟ್ಟಬೇಡ ಅನ್ನಬಾರದಿತ್ತು. ಊಟದ ಬಿಡುವಿಗೆ ಓಡಿ ಬಂದು ಬರೆದೆ:

"ಹೌದು ಮಹಾಸ್ವಾಮಿ, ನಾವು ಒಬ್ಬರೇ. ಬೆಳಗ್ಗೆ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತೇವೆ. ಆಗಲೇ ಹಲ್ಲಿನ ಡಾಕ್ಟರ ನೆಲವನ್ನೂ ಒರೆಸುತ್ತೇವೆ. ಮಧ್ಯಾಹ್ನ ಗಡ್ಡ ಬೋಳಿಸುತ್ತೇವೆ. ನಮಗೆ ಆರು ಕೈ. ಪರೀಕ್ಷೆಯಲ್ಲಿ ಮೂರು ಪೆನ್ನು ಹಿಡಿಯಲು ಅನುಮತಿ ಕೋರುತ್ತೇವೆ."

ಕಳಿಸಿದೆ. ಓದುವವರು ಯಾರೋ ಒಬ್ಬ ಮನುಷ್ಯ ನಗುತ್ತಾನೆ, ನಕ್ಕವನು ಬೀಗ ತೆಗೆಯುತ್ತಾನೆ. ಇದು ನನ್ನ ಘನ ಸಿದ್ಧಾಂತ.

ಮಾರ್ಚ್ 8, ಶನಿವಾರ

ಓದಿದ್ದು ಮನುಷ್ಯ ಅಲ್ಲ.

"ನಿಮ್ಮ ತಪ್ಪೊಪ್ಪಿಗೆಯನ್ನು ದಾಖಲಿಸಲಾಗಿದೆ. ಮೂರೂ ಖಾತೆಗಳನ್ನು 22ರಂದು ಶಾಶ್ವತವಾಗಿ ಮುಚ್ಚಲಾಗುವುದು. ಸಹಕಾರಕ್ಕೆ ಧನ್ಯವಾದ."

ಚಿಕ್ಕಮ್ಮ ಎರಡು ಸಲ ಓದಿದಳು. ಬೈಯುತ್ತಾಳೆ ಅಂತ ಕಾದೆ. ಲ್ಯಾಪ್‌ಟಾಪ್ ಮುಚ್ಚಿ, ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಅಷ್ಟೇ.

ಮಾರ್ಚ್ 13, ಗುರುವಾರ. ಮಧ್ಯಾಹ್ನ, ಲಾಂಡ್ರಿ ಹಿಂದಿನ ಮೆಟ್ಟಿಲು

ಚಿಕ್ಕಮ್ಮನಿಂದ ಐದು ದಿನ ಮಾತಿಲ್ಲ. ನನ್ನ ಕಡೆಯಿಂದ ಎಲ್ಲ ಪ್ರಯತ್ನ ಆಯಿತು. ತಲೆಗೆ ದಿಂಬಿನ ಚೀಲ ಹಾಕಿಕೊಂಡು ಶಿಕ್ಷೆ ಕೊಡಿ ಎಂದು ಬಾಗಿಲಲ್ಲಿ ನಿಂತೆ. ಪಕ್ಕಕ್ಕೆ ಸರಿಸಿ ಹೊರಟುಹೋದಳು.

ಕತ್ತರಿ ಹೇಳಿದ ಮೇಲೆ ಗೊತ್ತಾಯಿತು. ಕ್ಲಿನಿಕ್ಕಿನವರು ಅವಳಿಗೆ ಮಾತು ಕೊಟ್ಟಿದ್ದರಂತೆ. ಪದವಿ ಮುಗಿಸು, ರೋಗಿಗಳ ದಾಖಲೆ ನೋಡುವ ಕುರ್ಚಿ ನಿನ್ನದು ಅಂತ. ಅವಳು ನನಗೆ ಹೇಳಿರಲಿಲ್ಲ. ಹೇಳಿದರೆ ನಾನು ಕುರ್ಚಿಗೆ ಪಟ್ಟಾಭಿಷೇಕ ಮಾಡಿಸುತ್ತೇನೆ ಅಂತ ಭಯ ಅಂತೆ. ನಿಜ, ಮಾಡಿಸುತ್ತಿದ್ದೆ.

ಮೇಡಂಗೆ ಇವತ್ತು ಹನ್ನೊಂದನೇ ಸಲ ಫೋನ್. ಎತ್ತಿದರು. ಪಾಪ, ಒಳ್ಳೆಯವರು, ಸುಸ್ತಾಗಿದ್ದಾರೆ. ಒಂದು ಕ್ಷಮಾಪಣೆ ಬರಿ, ಬುದ್ಧಿ ಇಲ್ಲದೆ ಮಾಡಿದೆ ಅಂತ, ನಾಚಿಕೆಯಾಗಿದೆ ಅಂತ. ನೀವು ಪಟ್ಟ ಕಷ್ಟವನ್ನೂ ಸ್ವಲ್ಪ ಸೇರಿಸು, ಸಮಿತಿಯವರು ಕರಗುತ್ತಾರೆ ಅಂದರು.

"ಕಷ್ಟ ಬರೆಯಲ್ಲ ಮೇಡಂ," ಅಂದೆ. "ಅದನ್ನ ಸೀಟು ಕೊಡೋವಾಗ ಒಂದು ಸಲ ತಗೊಂಡಿದ್ದೀರಿ. ನನಗೆ ಒಬ್ಬ ಮನುಷ್ಯ ಬೇಕು. ಮುಖ ಇರೋ ಮನುಷ್ಯ. ಅವರ ಮುಂದೆ ನಾವು ಮೂವರೂ ನಿಲ್ತೀವಿ, ಎಣಿಸಿಕೊಳ್ಳಲಿ."

ಮೂವರ ಹೆಸರನ್ನೂ ಮತ್ತೊಮ್ಮೆ ಕೇಳಿ ಬರೆದುಕೊಂಡರು. ಆಮೇಲೆ, "ನೋಡ್ತೀನಿ," ಅಂದರು.

ಮಾರ್ಚ್ 17

20ಕ್ಕೆ, ಹನ್ನೊಂದು ಗಂಟೆಗೆ. ವಿಡಿಯೋದಲ್ಲಿ. ಮೂರು ಜನರ ಸಮಿತಿ. ಮೂವರಿಗೆ ಮೂವರು— ಸಮಬಲದ ಪಂದ್ಯ.

ಚಿಕ್ಕಮ್ಮನಿಗೆ ಹೇಳಿದೆ. "ನೀನು ಬಾಯಿ ಬಿಡಬೇಡ," ಅಂದಳು. ಒಂಬತ್ತು ದಿನಕ್ಕೆ ಮೊದಲ ಮಾತು. ಕಿವಿಗೆ ಜೇನು.

ಮಾರ್ಚ್ 20, ಗುರುವಾರ. ಮಧ್ಯಾಹ್ನ 2

ಮರೆಯುವ ಮೊದಲು ಬರೆದುಬಿಡುತ್ತೇನೆ.

ನಮ್ಮ ಕೋಣೆಯಲ್ಲಿ ನೆಟ್ ಸಿಗುತ್ತಿರಲಿಲ್ಲ. ಕತ್ತರಿಯ ಅಂಗಡಿಗೆ ಇಳಿದೆವು. ಎರಡು ಕುರ್ಚಿ, ಎದುರುಬದುರಾಗಿ ಎರಡು ಕನ್ನಡಿ. ಕ್ಯಾಮೆರಾ ಆನ್ ಮಾಡಿದ ತಕ್ಷಣ ಪರದೆ ಮೇಲೆ ಕೆಂಪಕ್ಷರ: ಹದಿನೇಳು ಮುಖಗಳು ಪತ್ತೆಯಾಗಿವೆ. ಮೊನ್ನೆ ಮೂವರನ್ನು ಒಬ್ಬರನ್ನಾಗಿ ಮಾಡಿದ ಯಂತ್ರ ಇವತ್ತು ಹದಿನೇಳು ಮಾಡಿತು. ನನ್ನ ನಾಲಿಗೆ ತುದಿಗೆ ಬಂತು. ಚಿಕ್ಕಮ್ಮ ಪಕ್ಕದಲ್ಲೇ ನನ್ನ ಕಾಲು ತುಳಿದಳು. ಕತ್ತರಿ ಕನ್ನಡಿಗಳಿಗೆ ಟವೆಲ್ ಹೊದಿಸಿದ. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿ ಮೂಲೆಯಲ್ಲಿ ನೊರೆ ಸಮೇತ ಕೂತ, ಹೊರಗೆ ಹೋಗಲು ಅವನಿಗೆ ಮರ್ಯಾದೆ ಅಡ್ಡ ಬಂತು.

ಸಮಿತಿಯ ಅಧ್ಯಕ್ಷರು ಕನ್ನಡಕದವರು. ಮೊದಲು ನನ್ನ ತಪ್ಪೊಪ್ಪಿಗೆ ಓದಿದರು, ಆರು ಕೈ ಸಮೇತ, ಒಂದು ಚೂರೂ ನಗದೆ. ನನ್ನ ಜೋಕು ಅಷ್ಟು ಕೆಟ್ಟದಾಗಿ ಕೇಳಿಸಿದ್ದು ಅದೇ ಮೊದಲು. ನಂತರ ಕೋರ್ಸಿನ ಪ್ರಶ್ನೆಗಳು. ಕತ್ತರಿ ಸೋಂಕಿನ ಬಗ್ಗೆ ಹೇಳುತ್ತಾ ಬ್ಲೇಡು ಹೇಗೆ ಕುದಿಸಬೇಕೆಂದು ಮಾಡಿಯೇ ತೋರಿಸಿದ. ನಾನು ಅಂಕಿಅಂಶದಲ್ಲಿ ತೊದಲಿದೆ. ಗಡಿಯ ಗುಮಾಸ್ತನ ಕಥೆಯನ್ನೂ ಕತ್ತರಿ ಹೇಳಿದ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆಗ ಅಧ್ಯಕ್ಷರು, ಇದೆಲ್ಲ ಸರಿ, ಆದರೆ ಜನ್ಮದಿನಾಂಕ ಸುಳ್ಳು ಅಂತ ನೀವೇ ಹೇಳುತ್ತೀರಿ, ನಿಜವಾದದ್ದು ಕೊಡಿ, ತಿದ್ದೋಣ ಅಂದರು.

ಚಿಕ್ಕಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ದನಿ ಏರಲಿಲ್ಲ.

"ಸಾರ್, ಆ ದಿನ ನಾವು ಬರೆದದ್ದಲ್ಲ, ನಮಗೆ ಬರೆದು ಕೊಟ್ಟದ್ದು. ನಮ್ಮ ಕೆಲಸದ ಚೀಟಿ, ಮನೆ ಚೀಟಿ, ಎಲ್ಲದರ ಮೇಲೂ ಅದೇ ಇದೆ. ಇಲ್ಲಿ ತಿದ್ದಿದರೆ ಅಲ್ಲಿ ನಾವು ಸುಳ್ಳುಗಾರರು. ತಿದ್ದದಿದ್ದರೆ ಇಲ್ಲಿ ನಾವು ಮೂವರೂ ಒಬ್ಬರೇ. ಎರಡರಲ್ಲಿ ಯಾವುದು ಆಗಬೇಕು ನೀವೇ ಹೇಳಿ, ಅದನ್ನ ಆಗ್ತೀವಿ. ಆದ್ರೆ ಪರೀಕ್ಷೆ ಬರೀತೀವಿ."

 ಮೂಲೆಯ ಗಿರಾಕಿ, "ಸರಿಯಾಗೇ ಹೇಳ್ತಿದ್ದಾರೆ," ಅಂದ. ಅವನು ಯಾರು ಅಂತ ಸಮಿತಿ ಕೇಳಿತು. ನಾಲ್ಕನೆಯವನು ಅಂತ ಹೇಳಹೊರಟಿದ್ದ ನನ್ನ ಬಾಯಿಯನ್ನು ನಾನೇ ಕೈಯಿಂದ ಮುಚ್ಚಿಕೊಂಡೆ. ಇದು ಇತಿಹಾಸದಲ್ಲಿ ದಾಖಲಾಗಲಿ.

ಮಾರ್ಚ್ 22, ಶನಿವಾರ

ಬೀಗ ತೆಗೆದಿದ್ದಾರೆ. ಷರತ್ತು ಎರಡು. ಒಂದು: ಮೂವರೂ ಒಂದೇ ಗಂಟೆಗೆ ಬೇರೆ ಬೇರೆ ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯಬೇಕು. ಕ್ಲಿನಿಕ್ಕಿನದು ಚಿಕ್ಕಮ್ಮನಿಗೆ, ಲಾಂಡ್ರಿ ಆಫೀಸಿನದು ನನಗೆ (ಮೇಸ್ತ್ರಿಯನ್ನು ಒಪ್ಪಿಸಲು ಎರಡು ದಿನ ಬಟ್ಟೆ ಮಡಚುವ ಹೆಚ್ಚಿನ ಕೆಲಸ), ಲ್ಯಾಪ್‌ಟಾಪ್ ಕತ್ತರಿಗೆ. ಎರಡು: ತಮಾಷೆ ಮಾಡಿದ ವಿದ್ಯಾರ್ಥಿನಿಯಿಂದ ವಿಷಾದ ಪತ್ರ.

ಬರೆದೆ. "ನನ್ನ ತಮಾಷೆಯಿಂದ ಚಿಕ್ಕಮ್ಮನಿಗೂ ನೆರೆಯವನಿಗೂ ಆದ ತೊಂದರೆಗೆ ವಿಷಾದಿಸುತ್ತೇನೆ. ಯಂತ್ರಕ್ಕೆ ಆದ ತೊಂದರೆಗೆ ವಿಷಾದವಿಲ್ಲ. ನಾವು ಮೂವರು. ಮುಂದೆಯೂ ಮೂವರೇ ಇರುತ್ತೇವೆ." ಮೇಡಂ ಎರಡನೇ ವಾಕ್ಯ ತೆಗಿ ಅಂದರು. ತೆಗೆಯಲಿಲ್ಲ. ಹಾಗೇ ಕಳಿಸಿದರು, ಅವರ ಧೈರ್ಯಕ್ಕೆ ನಮಸ್ಕಾರ.

ಮಾರ್ಚ್ 28, ಶುಕ್ರವಾರ. ಸಂಜೆ 5

ಬರೆದೆವು. ಮೂರು ಕಡೆ, ಒಂದೇ ಗಂಟೆ. ಹಿಂದೆ ರೋಲರ್ ಗರಗರ, ಹಬೆಯಿಂದ ಪರದೆ ಮಂಜು, ತೋಳಿನಿಂದ ಒರೆಸುತ್ತಾ ಬರೆದೆ. ಯಂತ್ರ ಎಲ್ಲಾದರೂ ನೋಡುತ್ತಿದ್ದರೆ ನೋಡಲಿ ಅಂತ ಮಧ್ಯೆ ಒಂದು ಸಲ ಕ್ಯಾಮೆರಾಗೆ ಹಲ್ಲು ಕಿರಿದೆ.

ಚಿಕ್ಕಮ್ಮ ಬಂದಿದ್ದಾಳೆ. ಚೆನ್ನಾಗಾಯಿತಂತೆ. ಕತ್ತರಿಗೆ, "ನಮ್ಮನ್ನ ಅನುಮಾನಿಸಿದ್ರಲ್ಲ, ಎರಡು ವರ್ಷದಲ್ಲಿ ಒಂದು ಉತ್ತರ ಆದ್ರೂ ಇನ್ನೊಬ್ಬರದು ಮುಟ್ಟಿದ್ದೀವಾ?" ಅಂತ ಮೆಟ್ಟಿಲ ಮೇಲಿಂದಲೇ ಹೇಳುತ್ತಿದ್ದಾಳೆ. ಇಡೀ ಕಟ್ಟಡಕ್ಕೆ ಕೇಳುತ್ತಿದೆ.

ಪ್ರಭುಗಳೇ, ಸಮಿತಿ ಎಲ್ಲವನ್ನೂ ಕೇಳಿತು, ಇದೊಂದನ್ನು ಕೇಳಲಿಲ್ಲ.

ನವೆಂಬರಿನಲ್ಲಿ ಒಂದು ದಿನ ಅವಳ ಖಾತೆ ತೆರೆದೇ ಇತ್ತು. ಕ್ವಿಜ್‌ಗೆ ಅವತ್ತೇ ಕೊನೆ ದಿನ, ಅವಳು ಜ್ವರದಲ್ಲಿ ಮಲಗಿದ್ದಳು. ಉಪಕಾರ ಮಾಡೋಣ ಅಂತ ನಾನೇ ಕೂತು ಉತ್ತರ ಒತ್ತಿದೆ. ಹತ್ತೂ ಪ್ರಶ್ನೆ. ಅವಳು ಹತ್ತಕ್ಕೆ ಹತ್ತು ತೆಗೆಯುವವಳು. ನಾಲ್ಕು ಬಂತು. ಜ್ವರದಲ್ಲಿ ತಾನೇ ಒತ್ತಿರಬೇಕು ಅಂತ ಇವತ್ತಿಗೂ ನಂಬಿದ್ದಾಳೆ; ಆ ವಾರವೆಲ್ಲ ಆ ಪಾಠವನ್ನು ಮತ್ತೆ ಮೊದಲಿಂದ ಓದಿದಳು.

ಹೇಳಬೇಕು. ಹೇಳುತ್ತೇನೆ. ಮೇಲೆ ಬರುತ್ತಿದ್ದಾಳೆ, ನಗುತ್ತಿದ್ದಾಳೆ, ಮೊದಲು ಚಪ್ಪಲಿ ಬಿಡಲಿ, ಒಂದು ಲೋಟ ನೀರು ಕುಡಿಯಲಿ, ಆಮೇಲೆ—