ಪರ್ಸೋಂ ಎಂದರೆ ಯಾವತ್ತು

ಇಸವಿ ೨೧೭೪, ಎರಡನೇ ಬೇಸಿಗೆಯ ಹದಿನೇಳನೇ ದಿನ

ಮಾನ್ಯ ವಕೀಲೆ ರೇಹಾನಾ ಅವರಿಗೆ,

ನಿಮ್ಮ ಕಾಲದಲ್ಲಿ ವರ್ಷಕ್ಕೆ ಒಂದೇ ಬೇಸಿಗೆ ಇತ್ತೆಂದು ಓದಿದ್ದೇನೆ. ನಮಗೆ ಎರಡು. ಆದ್ದರಿಂದ ಮೇಲಿನ ತಾರೀಖು ನಿಮಗೆ ತಪ್ಪಾಗಿ ಕಂಡರೆ ಕ್ಷಮಿಸಿ. ನನ್ನ ಕನ್ನಡವೂ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಕೋರ್ಟು ಕಾಗದಗಳನ್ನು ಓದಿ ಓದಿ ಕಲಿತ ಕನ್ನಡ ಇದು, ಅದಕ್ಕೇ ಸ್ವಲ್ಪ ಅರ್ಜಿಯ ವಾಸನೆ ಹೊಡೆಯುತ್ತದೆ. ನಾನು ಮಲೀಹಾ. ನೀವು ನನ್ನ ನಾನಿಯ ನಾನಿ. ಆದರೆ ಈ ಕಾಗದ ನಿಮ್ಮ ಕೈಸೇರುವ ದಿನ ನಿಮಗೆ ಇಪ್ಪತ್ತೈದು, ಬರೆಯುತ್ತಿರುವ ನನಗೆ ಅರವತ್ತೆರಡು.

ನನ್ನ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಬರೆಯುವ ಕಾರಣ ಅದರಲ್ಲೇ ಇದೆ. ನಾನು ನುಡಿಗಾವಲಿ. ಸಾಕ್ಷಿ ಹೇಳುವವರು ಯಾವ ಮನೆಯ ಮಾತಿನಲ್ಲಿ ಹೇಳಿದರೂ ಅದು ದಾಖಲಾಗುವ ಮುಂಚೆ, ಆ ಮಾತನ್ನು ಅವರ ಕೇರಿಯಲ್ಲಿ ಯಾವ ಅರ್ಥಕ್ಕೆ ಬಳಸುತ್ತಾರೆಂದು ನ್ಯಾಯಾಧೀಶರಿಗೆ ತಿಳಿಸುವುದು, ಬರೆದದ್ದನ್ನು ಅವರ ಮಾತಿನಲ್ಲೇ ಓದಿ ಕೇಳಿಸಿ ಒಪ್ಪಿಗೆ ಪಡೆಯುವುದು ನುಡಿಗಾವಲಿಯ ಕೆಲಸ. ಅನುವಾದದ ಯಂತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವಕ್ಕೆ ನಿಘಂಟು ಗೊತ್ತು, ಮನೆ ಗೊತ್ತಿಲ್ಲ. ನಮ್ಮ ಕೋರ್ಟು ಬೆಳಗಿನ ಐದಕ್ಕೆ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತದೆ, ಆಮೇಲೆ ಬಿಸಿಲಿಗೆ ಯಾರೂ ಹೊರಗೆ ನಿಲ್ಲಲಾರರು. ಕರಿ ಕೋಟು ಹೋಗಿ ಮೂರು ತಲೆಮಾರಾಯಿತು. ವಕೀಲರು ಈಗ ಬಣ್ಣ ಹಾಕದ ರೇಷ್ಮೆಯ ಶಲ್ಯ ಹೊದೆಯುತ್ತಾರೆ. ಕಟಕಟೆಯೂ ಇಲ್ಲ. ಸಾಕ್ಷಿಗೆ ಒಂದು ಕುರ್ಚಿ, ಒಂದು ಹೂಜಿ ನೀರು, ಪಕ್ಕದಲ್ಲಿ ನಾನು. ಕೇಸು ಮುಂದೂಡಿಸಿ ಡೇಟು ತೆಗೆದುಕೊಳ್ಳುವುದು ಮಾತ್ರ ಈಗಲೂ ಇದೆ. ಅದನ್ನು ತೆಗೆದುಹಾಕುವ ವಿದ್ಯೆ ಇನ್ನೂ ಯಾರಿಗೂ ಸಿಕ್ಕಿಲ್ಲ.

ಈ ಕೆಲಸಕ್ಕೆ ಸೇರುವವರೆಲ್ಲ ಮೊದಲು ಒಂದು ಹಳೆಯ ದಾಖಲೆ ಓದಬೇಕು. ಜುಬೇದಾ ಬೀ ಎಂಬವರ ಪಾಟೀಸವಾಲು ಅದು. ಅದರ ಏಳನೇ ಪುಟದಲ್ಲಿ, ಆ ಕೇಸಿಗೆ ಸಂಬಂಧವೇ ಇಲ್ಲದ ಒಬ್ಬ ಜೂನಿಯರ್ ವಕೀಲೆಯ ಮಾತು ಬರುತ್ತದೆ. ಆಕೆ ನಮ್ಮ ಮನೆಯವರೆಂದು ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿ ಹದಿನಾರು ವರ್ಷವಾದ ಮೇಲೆ. ಅಂದಿನಿಂದ ಸಿಕ್ಕಿದ್ದನ್ನೆಲ್ಲ ಕೂಡಿಸಿಕೊಂಡಿದ್ದೇನೆ. ಸರಿಯಿದೆಯೇ ನೋಡಿ.

ನೀವು ಶಿಡ್ಲಘಟ್ಟದ ರೀಲರ್ ಮನೆಯ ಮಗಳು. ನಿಮ್ಮ ಅಪ್ಪ ರೇಷ್ಮೆಗೂಡು ಕೊಂಡು ತರುತ್ತಿದ್ದರು, ಅಮ್ಮ ಬಿಸಿನೀರಿನ ತೊಟ್ಟಿಯ ಮುಂದೆ ಕುಳಿತು ನೂಲು ತೆಗೆಯುತ್ತಿದ್ದರು. ಮನೆಯಲ್ಲಿ ಆಡುವ ಮಾತು ದಖ್ಖನಿ. ಶಾಲೆಯ ಉರ್ದು ಮೇಷ್ಟ್ರು ಅದನ್ನು ಕೆಟ್ಟ ಉರ್ದು ಎಂದರು. ಬೆಂಗಳೂರಿನ ಲಾ ಕಾಲೇಜಿನಲ್ಲಿ ಅದು ನಗೆಪಾಟಲಾಯಿತು. ಅಣಕು ನ್ಯಾಯಾಲಯದ ಸ್ಪರ್ಧೆಯಲ್ಲಿ ನೀವು ಗಾಬರಿಯಲ್ಲಿ ಒಮ್ಮೆ 'ನಕ್ಕೊ' ಎಂದುಬಿಟ್ಟಿರಿ. ಬೇಡ ಎನ್ನುವುದಕ್ಕೆ ನಿಮ್ಮ ಮನೆಯಲ್ಲಿ ಇದ್ದ ಪದ ಅದೇ. ಅಂದಿನಿಂದ ಮೂರು ವರ್ಷ ನಿಮ್ಮ ಸಹಪಾಠಿಗಳು ನಿಮ್ಮನ್ನು ಕರೆದದ್ದೇ 'ನಕ್ಕೊ ಮೇಡಂ' ಎಂದು. ತೀರ್ಪುಗಾರರಾಗಿ ಬಂದಿದ್ದ ಹಿರಿಯರೊಬ್ಬರು, "ವಾದ ಚೆನ್ನಾಗಿದೆಯಮ್ಮ, ಆದ್ರೆ ಮಾತು ಸಂತೆ ಥರ ಇದೆ, ತಿದ್ದಿಕೋ" ಎಂದರಂತೆ. ನೀವು ತಿದ್ದಿಕೊಂಡಿರಿ. ತೊಟ್ಟಿಯ ಹಬೆಯ ಮುಂದೆ ನಿಂತು ಇಂಗ್ಲಿಷ್ ತೀರ್ಪುಗಳನ್ನು ಗಟ್ಟಿಯಾಗಿ ಓದುತ್ತಿದ್ದಿರಿ, ಪಕ್ಕದಲ್ಲಿ ನೂಲು ತೆಗೆಯುವ ಹೆಂಗಸರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ವಕೀಲಿಕೆಯ ಸನ್ನದು ಸಿಕ್ಕಿದ ದಿನ ನೀವು ಮಾಡಿಕೊಂಡ ಶಪಥವನ್ನು ನಿಮ್ಮ ತಂಗಿ ಬರೆದಿಟ್ಟಿದ್ದಾರೆ: ಕೋರ್ಟಿನ ಗೇಟಿನೊಳಗೆ ದಖ್ಖನಿಯ ಒಂದು ಪದವೂ ಬಾಯಿಂದ ಬರಕೂಡದು.

ಇಬ್ಬರು ಸೀನಿಯರ್‌ಗಳು ಜಾಗವಿಲ್ಲ ಎಂದರು. ಮೂರನೆಯವರು, ವೀರಭದ್ರಪ್ಪನವರು, ಸೇರಿಸಿಕೊಂಡರು. ಅವರು ವಕೀಲಿಕೆ ಮಾಡುತ್ತಿದ್ದ ಪಕ್ಕದ ತಾಲ್ಲೂಕಿನ ಕೋರ್ಟಿನ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ವೀರಭದ್ರಪ್ಪನವರು ಕೆಟ್ಟವರಲ್ಲ, ಪುಸ್ತಕ ಕೊಟ್ಟರು, ಕೂರಲು ಮೇಜು ಕೊಟ್ಟರು. "ಮೊದಲ ಎರಡು ವರ್ಷ ಕಿವಿ ತೆಗೆದಿಟ್ಟುಕೋ, ಬಾಯಿ ಮುಚ್ಚಿಟ್ಟುಕೋ" ಎಂದರು. ನೀವು ಹಾಗೇ ಇದ್ದಿರಿ, ಒಂಬತ್ತು ತಿಂಗಳು.

ಆ ದಾಖಲೆಯಲ್ಲಿರುವ ಮಂಗಳವಾರ ನೀವು ಕೋರ್ಟಿಗೆ ಹೋದದ್ದು ಡೇಟು ಕೇಳಲು. ನಿಮ್ಮ ಕೇಸಿಗೆ ಮುಂಚೆ ಜುಬೇದಾ ಬೀ ಕಟಕಟೆಯಲ್ಲಿದ್ದರು. ಮೂವತ್ತು ವರ್ಷ ಒಬ್ಬರ ರೀಲಿಂಗ್ ಘಟಕದಲ್ಲಿ ನೂಲು ತೆಗೆದವರು, ಅದರ ಹಿಂದಿನ ಒಂದು ಕೋಣೆಯಲ್ಲಿ ಬದುಕಿದವರು. ಹಳೆಯ ಮಾಲೀಕರು ತೀರಿಕೊಂಡ ಮೇಲೆ ಅವರ ಮಗ ಆಕೆಯ ಸಾಮಾನು ಹೊರಗಿಟ್ಟು ಬೀಗ ಹಾಕಿದ್ದ. ಬಲವಂತವಾಗಿ ಹೊರಹಾಕಿದ ಆರು ತಿಂಗಳೊಳಗೆ ಕೇಸು ಹಾಕಿದರೆ ಮನೆ ವಾಪಸು ಸಿಗಬಹುದು ಎನ್ನುವ ಕಾನೂನಿನಡಿ ಆಕೆ ಬಂದಿದ್ದರು. ಎಲ್ಲವೂ ನಿಂತಿದ್ದದ್ದು ಆ ತಾರೀಖಿನ ಮೇಲೆ.

ಎದುರು ವಕೀಲರು ಕೇಳಿದರು: "ನಿಮ್ಮನ್ನ ಯಾವಾಗ ಹೊರಗೆ ಹಾಕಿದ್ರು?"

ಆಕೆ ಹೆದರಿ ಮನೆಯ ಮಾತಿಗೆ ಜಾರಿದರು. "ಪರ್ಸೋಂ ನಿಕಾಲ್ ದಿಯೇ ಮೇರೆಕು."

"ಮೊನ್ನೆ ಅಂತಿದಾರೆ ಸ್ವಾಮಿ, ಬರಕೊಳ್ಳಿ," ಎಂದರು ವಕೀಲರು. "ಕೇಸ್ ಹಾಕಿ ಒಂದು ವರ್ಷ ಆಯ್ತು. ಮೊನ್ನೆ ಹೊರಗೆ ಹಾಕಿದ್ರೆ, ಕೇಸ್ ಹಾಕಿದ ದಿನ ಇವರು ಮನೆ ಒಳಗೇ ಇದ್ರು. ಕೇಸೇ ಸುಳ್ಳು."

ಆಕೆಯ ವಕೀಲರಿಗೆ ಆ ಮಾತು ಬರದು, ಸುಮ್ಮನೆ ಫೈಲು ತಿರುವಿದರು. ಬೆರಳಚ್ಚು ಶುರುವಾಯಿತು. ಹಿಂದಿನ ಬೆಂಚಿನಿಂದ ನೀವು ಎದ್ದಿರಿ.

"ಸ್ವಾಮಿ, ಒಂದು ಮಾತು ಹೇಳಬಹುದಾ?"

"ನೀವು ಯಾರ ಪರ?" ಎಂದು ನ್ಯಾಯಾಧೀಶರು ಕೇಳಿದರು.

"ಯಾರ ಪರಾನೂ ಅಲ್ಲ ಸ್ವಾಮಿ. ಡೇಟ್ ತಗೊಳ್ಳೋಕೆ ಬಂದಿದ್ದೆ. ಅವರು ಹೇಳಿದ್ದು ಮೊನ್ನೆ ಅಂತ ಅಲ್ಲ. ಪರ್ಸೋಂ ಅಂದ್ರೆ ನಮ್ಮಲ್ಲಿ ಹಿಂದಿನ ಯಾವ ದಿನಾನಾದ್ರೂ ಆಗಬಹುದು. ಹೋದ ವಾರ, ಹೋದ ವರ್ಷ. ನಮ್ಮಮ್ಮ ತನ್ನ ಮದುವೇನೂ ಪರ್ಸೋಂ ಆಯ್ತು ಅಂತಾಳೆ."

ಕೋರ್ಟಿನಲ್ಲಿ ನಗು ಎದ್ದಿತೆಂದು ಬೆರಳಚ್ಚುಗಾರರು ದಾಖಲಿಸಿಲ್ಲ. ಅದು ನಿಮ್ಮ ತಂಗಿಯ ಬರಹದಲ್ಲಿದೆ.

"ನಮ್ಮಲ್ಲಿ ಅಂದ್ರೆ?" ಎಂದರು ನ್ಯಾಯಾಧೀಶರು.

"ಅದು ನಮ್ಮನೆ ಮಾತು, ಸ್ವಾಮಿ."

ನ್ಯಾಯಾಧೀಶರು ನಿಮ್ಮ ಮೂಲಕವೇ ಮತ್ತೆ ಕೇಳಿಸಿದರು, ಬೀಗ ಹಾಕಿದ ದಿನ ಊರಲ್ಲಿ ಏನು ನಡೆದಿತ್ತೆಂದು. ರಂಜಾನಿನ ಕೊನೆಯ ಶುಕ್ರವಾರ, ಉಪವಾಸ ಬಿಡುವ ಹೊತ್ತಿಗೆ ಖರ್ಜೂರದ ತಟ್ಟೆಯೂ ಒಳಗೇ ಉಳಿಯಿತು ಎಂದು ಆಕೆ ಹೇಳಿದರು. ಕೇಸು ಹಾಕಿದ್ದು ಆ ದಿನದಿಂದ ಎರಡು ತಿಂಗಳಿಗೆ. ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದುಕೊಂಡರು. ಆ ಹೊಡೆದುಹಾಕಿದ ಸಾಲು ನನ್ನ ಬಳಿ ಇದೆ. ಎಷ್ಟು ಸಲ ಅದರ ಮೇಲೆ ಬೆರಳಾಡಿಸಿದ್ದೇನೋ.

ಸಂಜೆ ವೀರಭದ್ರಪ್ಪನವರು ನಿಮ್ಮನ್ನು ಕರೆದರು. ಎದುರು ವಕೀಲರು ಅವರ ಮೂವತ್ತು ವರ್ಷದ ಗೆಳೆಯ. "ಬೇರೆಯವರ ಕೇಸಲ್ಲಿ ಬಾಯಿ ಹಾಕಿದೆ. ನಾಳೆ ನಾನು ಅವನ ಮುಖ ಹೇಗೆ ನೋಡಲಿ?" ಎಂದರು. ನೀವು, "ತಪ್ಪು ಬರೀತಿದ್ರು ಸಾರ್" ಎಂದಿರಿ. "ಇರಬಹುದಮ್ಮ. ನಾಳೆಯಿಂದ ಬರಬೇಡ" ಎಂದರು ಅವರು. ಈಗ ನೀವು ಹನ್ನೊಂದು ದಿನದಿಂದ ಮನೆಯಲ್ಲಿದ್ದೀರಿ, ಅಮ್ಮನ ಪಕ್ಕ ತೊಟ್ಟಿಯ ಮುಂದೆ ಕುಳಿತು ಗೂಡಿನ ಎಳೆ ಹುಡುಕುತ್ತಿದ್ದೀರಿ. ಬೆರಳ ತುದಿ ಬೆಂದಿದೆ. ಕೋಟನ್ನು ತಂಗಿ ಮಡಿಸಿ ಪೆಟ್ಟಿಗೆಗೆ ಹಾಕಿದ್ದಾರೆ.

ಇಲ್ಲಿಂದ ಮುಂದಿನದು ನಿಮಗೆ ಇನ್ನೂ ನಡೆದಿಲ್ಲ. ಹೇಳಬಹುದೇ ಎಂದು ಬಹಳ ಯೋಚಿಸಿದೆ. ಸ್ವಲ್ಪ ಹೇಳುತ್ತೇನೆ.

ಜುಬೇದಾ ಬೀ ನಿಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಹೊಸ್ತಿಲಲ್ಲೇ ನಿಂತು, "ಮೇರಿ ಬಾತ್ ಸಮಝೇ ಸೋ ತೂಚ್. ಅಬ್ ಮೇರಾ ವಕೀಲ್ ಬೀ ತೂಚ್" ಎನ್ನುತ್ತಾರೆ, ನನ್ನ ಮಾತು ತಿಳಿದವಳು ನೀನೇ, ಇನ್ನು ನನ್ನ ವಕೀಲೆಯೂ ನೀನೇ ಎಂದು. ನೀವು ಕೂಡಲೇ ಒಪ್ಪುವುದಿಲ್ಲ. ನನಗೆ ಆಫೀಸಿಲ್ಲ, ಸೀನಿಯರ್ ಇಲ್ಲ, ಬೇರೆ ಒಳ್ಳೆಯವರನ್ನು ನೋಡಿ ಎನ್ನುತ್ತೀರಿ. ಆಕೆ ಒಳಗೆ ಬಂದು ನಿಮ್ಮ ಅಮ್ಮನ ಪಕ್ಕದ ಖಾಲಿ ಜಾಗದಲ್ಲಿ ಕುಳಿತು, ನೀವು ಒಪ್ಪುವವರೆಗೆ ನೂಲು ತೆಗೆಯುತ್ತಾರೆ. ಆ ಕೇಸು ಗೆಲ್ಲುತ್ತೀರಿ. ಆಕೆ ಆ ಕೋಣೆಯಲ್ಲೇ ಬದುಕಿ ಅಲ್ಲೇ ತೀರಿಕೊಳ್ಳುತ್ತಾರೆ.

ಇದರಿಂದ ನೀವು ದೊಡ್ಡವರಾಗುವುದಿಲ್ಲ. ಅದನ್ನೂ ಹೇಳಬೇಕು. ನ್ಯಾಯಾಧೀಶರ ಪರೀಕ್ಷೆಯಲ್ಲಿ ಎರಡು ಸಲ ಸಂದರ್ಶನದವರೆಗೆ ಹೋಗಿ ವಾಪಸಾಗುತ್ತೀರಿ. ಮೂವತ್ತೆಂಟು ವರ್ಷ ಅದೇ ತಾಲ್ಲೂಕಿನಲ್ಲಿ, ಬೇರೆಯವರು ಬೇಡವೆಂದ ಕೇಸುಗಳೊಂದಿಗೆ ಕಳೆಯುತ್ತೀರಿ. ಆರನೇ ವರ್ಷ ವೀರಭದ್ರಪ್ಪನವರು ತಾವಾಗಿಯೇ ಒಬ್ಬ ಕಕ್ಷಿದಾರರನ್ನು ನಿಮ್ಮ ಬಳಿ ಕಳಿಸುತ್ತಾರೆ, ಅವರ ಮಾತು ನನಗೆ ಅರ್ಥವಾಗುತ್ತಿಲ್ಲ ಎಂಬ ಚೀಟಿಯೊಂದಿಗೆ. ಸಾಕ್ಷಿಯ ಮಾತನ್ನು ಸಾಕ್ಷಿಗೇ ಓದಿ ಹೇಳಬೇಕೆಂದು ನೀವು ಹಾಕಿದ ಅರ್ಜಿಗಳಲ್ಲಿ ನಲವತ್ತೊಂದು ವಜಾ ಆಗುತ್ತವೆ. ಮಂಜೂರಾದ ನಲವತ್ತೆರಡನೆಯದರಿಂದ ನನ್ನ ಉದ್ಯೋಗ ಹುಟ್ಟಿತು.

ನನಗೆ ಒಂದೇ ಆಸೆ ಉಳಿದಿದೆ. ನಮ್ಮ ದಾಖಲೆಗಳ ಭಂಡಾರದಲ್ಲಿ ನಿಮ್ಮ ದನಿ ಇಪ್ಪತ್ತು ಗಂಟೆಯಷ್ಟಿದೆ, ವಾದಗಳು, ಭಾಷಣಗಳು, ಒಂದು ಸನ್ಮಾನ. ಎಲ್ಲವೂ ಕನ್ನಡ, ಇಂಗ್ಲಿಷ್. ದಖ್ಖನಿಯಲ್ಲಿ ಒಂದು ನಿಮಿಷವೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಈಗ ಅದನ್ನು ಮನೆಯ ಮಾತಾಗಿ ಬಲ್ಲವರು ಹನ್ನೊಂದು ಜನ. ನಾನು ಕಲಿತದ್ದು ಅವರಲ್ಲಿ ಒಬ್ಬರಿಂದ, ನಿಮ್ಮಿಂದ ಅಲ್ಲ. ನಿಮ್ಮ ಫೋನಿನಲ್ಲಿ ದನಿ ಹಿಡಿದಿಡುವ ಗುಂಡಿ ಇರುತ್ತದಂತೆ. ಇವತ್ತು ಅದನ್ನು ಒತ್ತಿ, ತೊಟ್ಟಿಯ ಪಕ್ಕ ಇಟ್ಟು, ಅಮ್ಮನ ಜೊತೆ ಮಾತಾಡಿ. ಕಾನೂನಿನ ಮಾತು ಬೇಡ. ಅನ್ನಕ್ಕೆ ಏನು ಮಾಡೋಣ, ನೀರು ಬಂತಾ, ಯಾರ ಮೇಲೆ ಸಿಟ್ಟು, ಅಷ್ಟು ಸಾಕು. ನಡುವೆ ನಕ್ಕರೆ ನಗಿ.

ನಾನು ಕೇಳಿಸಿಕೊಳ್ಳುತ್ತೇನೆ.

ನಿಮ್ಮ,
ಮಲೀಹಾ