ಅರ್ಜಿಯಲ್ಲಿ ಬರೆದ 'ಇಲ್ಲ'

ಜುಲೈ ೧೨, ಶುಕ್ರವಾರ

ಸಮಾಜಕಾರ್ಯ ವಿಭಾಗದ ಫಲಕದಲ್ಲಿ ಇವತ್ತು ಕ್ಷೇತ್ರಕಾರ್ಯದ ಪಟ್ಟಿ ಹಾಕಿದರು. ಸೋಮವಾರದಿಂದ ನನ್ನನ್ನು ಕಳಿಸುತ್ತಿರುವುದು ಒಂದು ವ್ಯಸನಮುಕ್ತಿ ಕೇಂದ್ರಕ್ಕೆ. ಅಣ್ಣ ಎರಡು ತಿಂಗಳಿಂದ ಇರುವುದೂ ಅಲ್ಲೇ.

ತಪ್ಪು ನನ್ನದೇ. 'ಸಂಬಂಧಿಕರು ಎಲ್ಲಾದರೂ ಚಿಕಿತ್ಸೆಯಲ್ಲಿದ್ದಾರೆಯೇ?' ಎಂದು ಕ್ಷೇತ್ರಕಾರ್ಯದ ಅರ್ಜಿಯಲ್ಲಿ ಕೇಳಿದ್ದರು; ಇದ್ದರೆ ಆ ಜಾಗಕ್ಕೆ ಕಳಿಸುವುದಿಲ್ಲ. ಗೆಳತಿ ಪಕ್ಕದಿಂದ ಇಣುಕುತ್ತಿದ್ದಳು, 'ಇಲ್ಲ' ಎಂದು ಗೀಚಿಬಿಟ್ಟೆ. ನೆಂಟರಿಗೆಲ್ಲ ಅವನು ಕೆಲಸದ ಮೇಲೆ ಬೇರೆ ಊರಲ್ಲಿದ್ದಾನೆ ಎಂದೇ ಹೇಳಿದ್ದೇವೆ.

"ಒಳ್ಳೇದೇ ಆಯ್ತಲ್ಲ, ದಿನಾ ಅವನನ್ನ ನೋಡ್ಬಹುದು. ಯಾರ ಹತ್ರಾನೂ ಬಾಯಿ ಬಿಡಬೇಡ" ಎಂದಳು ಅಮ್ಮ. ಮೈ ಉರಿಯಿತು. ಅಲ್ಲಿ ಅವನ ಫೈಲು ನನ್ನ ಕೈಗೆ ಬರುತ್ತದೆ. ನಮ್ಮ ಬಗ್ಗೆ, ನನ್ನ ಬಗ್ಗೆ ಅವನು ಏನೇನು ಹೇಳಿದ್ದಾನೋ!

ಶುಕ್ರವಾರ ಸಂಜೆ ಅವನ ಕೈಗೆ ಫೋನ್ ಕೊಡುತ್ತಾರೆ. ಅರ್ಜಿಯ ಸುಳ್ಳನ್ನೂ ಸೇರಿಸಿ ಎಲ್ಲ ಹೇಳಿಯೇಬಿಟ್ಟೆ. "ಇಲ್ಲಿ ಎಲ್ಲರ ಮುಂದೆ ನಿಲ್ಲಿಸಿ 'ನಾನು ಕುಡುಕ' ಅಂತ ಹೇಳಿಸ್ತಾರೆ ಕಣೇ. ನನ್ನ ಬಾಯಿಂದ ಅದು ಬರೋಕೆ ಹನ್ನೊಂದು ದಿನ ಬೇಕಾಯ್ತು. ನಿನಗೆ ಸೋಮವಾರದವರೆಗೆ ಟೈಮಿದೆ, ಪುಣ್ಯವಂತೆ" ಎಂದ.

ನಾಳೆ ಕ್ಷೇತ್ರಕಾರ್ಯ ನೋಡಿಕೊಳ್ಳುವ ಮೇಡಂ ಹತ್ತಿರ ಹೋಗುತ್ತೇನೆ. ಹೇಳಬೇಕಾದದ್ದನ್ನು ಇಲ್ಲೇ ಒಮ್ಮೆ ಬರೆದು ನೋಡೋಣ. ಮೇಡಂ, ನನ್ನ ಅಣ್ಣ... ಅಲ್ಲ, ಅವನಿಂದ ಶುರು ಮಾಡಬಾರದು. ಮೇಡಂ, ನಾನು ಅರ್ಜಿಯಲ್ಲಿ...