ನಿನ್ನ ಕೈ ಹೇಳಿದ ವೇಗ

ನನ್ನ ಹೆಂಡತಿ ಗಿರಿಜಾಗೆ,

ಮದುವೆಯಾದ ಹೊಸತರಲ್ಲಿ ನಿನ್ನನ್ನು ಮೊದಲ ಸಲ ಗಾಡಿಯ ಹಿಂದೆ ಕೂಡಿಸಿಕೊಂಡು ಸೂಡಿಯಿಂದ ಜಕ್ಕಲಿಗೆ, ನಿನ್ನ ತವರಿಗೆ, ಹೊರಟಿದ್ದು ನೆನಪಿದೆಯೇ? ಊರು ದಾಟಿದ್ದೇ ತಡ, ನಾನು ಮೀಟರಿನ ಮುಳ್ಳನ್ನು ಅರವತ್ತಕ್ಕೆ ಏರಿಸಿದೆ. ಹೊಸ ಹೆಂಡತಿಗೆ ಗಂಡನ ಧೈರ್ಯ ಗೊತ್ತಾಗಬೇಕಲ್ಲ! ನೀನು ನನ್ನ ಹೆಗಲ ಮೇಲಿಟ್ಟಿದ್ದ ಕೈಯಿಂದ ಒಮ್ಮೆ ಒತ್ತಿದೆ. ನಾನು ಕೇಳದಿದ್ದಾಗ ಉಗುರು ನಾಟುವ ಹಾಗೆ ಒತ್ತಿದೆ. ನಲವತ್ತಕ್ಕೆ ಇಳಿದ ಮೇಲೆಯೇ ನಿನ್ನ ಬೆರಳು ಸಡಿಲಾದದ್ದು. ಅಲ್ಲಿಂದ ಇಪ್ಪತ್ತಾರು ವರ್ಷ, ನೀನು ಹಿಂದೆ ಕೂತಾಗಲೆಲ್ಲ, ಗಾಡಿ ನನ್ನದು, ವೇಗ ನಿನ್ನದು.

ರೋಣದ ರಸ್ತೆಯಲ್ಲಿ ಆ ಬೋರ್ಡಿನ ಮುಂದೆ ಗಾಡಿ ನಿಲ್ಲಿಸಿ ನಿನಗೆ ಭಾಷಣ ಮಾಡಿದ್ದೆನಲ್ಲ. ಡಾಂಬರು ಹಾಕುವಾಗ ನೆಟ್ಟ ಬೋರ್ಡು. ಇಪ್ಪತ್ತಕ್ಕಿಂತ ಜೋರಾಗಿ ಹೋಗಬೇಡಿ ಎಂದು ಬರೆದಿತ್ತು. ಕೆಲಸ ಮುಗಿದು ಎಷ್ಟೋ ಕಾಲವಾದರೂ ಅದನ್ನು ಕೀಳುವುದಕ್ಕೆ ಯಾರಿಗೂ ನೆನಪಾಗಿರಲಿಲ್ಲ. ರಸ್ತೆಯೋ ಬಾಚಿ ಬೈತಲೆ ತೆಗೆದಷ್ಟು ನೆಟ್ಟಗೆ, ಎರಡೂ ಕಡೆ ಕಡಲೆ ಹೊಲ, ಕಣ್ಣು ಹಾಯಿಸಿದಷ್ಟೂ ಖಾಲಿ. "ಇದನ್ನ ಬರದಾಂವ ಯಾವಾಗರ ಈ ರಸ್ತಾದಾಗ ಬಂದಾನೇನು? ಖರೇ ಬೋರ್ಡ್ ಬೇಕಾಗಿರೂದು ಆ ಹಳ್ಳದ ತಿರುವಿನ್ಯಾಗ. ಅಲ್ಲಿ ಒಂದೂ ಇಲ್ಲ!" ಎಂದು ಕೂಗಾಡಿದೆ. ನೀನು ಸೆರಗು ಸರಿಮಾಡಿಕೊಳ್ಳುತ್ತ, "ಬೋರ್ಡ್ ಖೊಟ್ಟಿ ಇರಬಹುದ್ರಿ. ಅಲ್ಲಿ ಬರೂ ಎಮ್ಮಿ ಖರೇ ಐತಿ, ನೋಡ್ರಿ" ಅಂದೆ. ನೋಡಿದರೆ ನಿಜವಾಗಿಯೂ ಒಂದು ಎಮ್ಮೆ ರಸ್ತೆಯ ಮಧ್ಯ ಬಂದು ನಿಂತಿತ್ತು. ಈಗಲೂ ನನ್ನ ವಾದ ಪೂರ್ತಿ ತಪ್ಪು ಎಂದು ನಾನು ಒಪ್ಪುವುದಿಲ್ಲ ಗಿರಿಜಾ. ಒಂದು ಬೋರ್ಡು ಸುಳ್ಳು ಹೇಳಿದರೆ ಜನ ಉಳಿದ ಒಂಬತ್ತನ್ನೂ ನಂಬುವುದಿಲ್ಲ. ಆದರೆ ಆ ಒಂಬತ್ತರಲ್ಲಿ ಯಾವುದು ಖರೆ ಎಂದು ಎಂಬತ್ತರ ವೇಗದಲ್ಲಿ ಹೋಗುವವನು ಹೇಗೆ ಗುರುತಿಸಬೇಕು?

ನರಗುಂದದ ಟೇಲರ್ ಒಬ್ಬ ಒಂದು ಮುಂಜಾನೆ ಐದು ಸಲ ಫೋನ್ ಮಾಡಿದ್ದ. "ಎಲ್ಲಿದ್ದೀರಿ? ಲಗೂ ಬರ್ರಿ, ಮದುವಿ ಬ್ಲೌಸ್ ಹಂಗ ಕುಂತಾವ." ಹೊಲಿಗೆ ಮಷೀನು ರಿಪೇರಿಯವನ ಬದುಕೇ ಅಷ್ಟು, ಎಲ್ಲರ ಮಷೀನೂ ಮದುವೆಯ ಹಿಂದಿನ ದಿನವೇ ಕೆಡುತ್ತದೆ. ಅಂದು ನೀನು ಹಿಂದೆ ಇರಲಿಲ್ಲ, ಹಾರಿಸಿಕೊಂಡು ಹೋದೆ. ಹತ್ತು ನಿಮಿಷ ಉಳಿಸಿದೆ. ಕೆಲಸ ಮುಗಿಸಿ ಚಹಾದಂಗಡಿಯಲ್ಲಿ ಕೂತು, ಎಷ್ಟು ಬೇಗ ಬಂದೆ ಎಂದು ಹೇಳಿಕೊಳ್ಳುವುದರಲ್ಲಿ ಅರ್ಧ ತಾಸು ಕಳೆದೆ. ಸಂಜೆ ನಿನ್ನ ಮುಂದೆಯೂ ಅದನ್ನೇ ಹೇಳಿದಾಗ, "ಉಳಿಸಿದ್ದು ಎಲ್ಲಿ ಇಟ್ಟೀರಿ, ತೋರಸ್ರಿ" ಎಂದು ನೀನು ಕೈ ಚಾಚಿದ್ದೆ. ಮೂರು ದಿನ ಅದನ್ನೇ ಹೇಳಿ ನಕ್ಕೆ.

ಎಂಟು ತಿಂಗಳ ಹಿಂದೆ, ಆ ದಿನ, ಒಲೆಯ ಮುಂದೆ ಕೂತವಳು ನೀನು ಎದೆ ಹಿಡಿದುಕೊಂಡೆ. ಕಾರು ಹೇಳಿ ಬರುತ್ತೇನೆ ಅಂದರೆ ಬೇಡವೆಂದೆ. "ವಾಯು ಹಿಡದೈತ್ರಿ. ಅದಕ್ಯಾಕ ಕಾರು? ಗಾಡಿ ಮ್ಯಾಲ ಹೋಗೂಣು." ಗಜೇಂದ್ರಗಡದ ದವಾಖಾನೆಗೆ ಹೊರಟೆವು. ನನಗೆ ಒಳಗೇ ಹೆದರಿಕೆ ಹೊಕ್ಕಿತ್ತು, ಅರವತ್ತು ದಾಟಿಸಿದೆ. ಹೆಗಲ ಮೇಲೆ ನಿನ್ನ ಕೈ ಒತ್ತಿತು. ನಾನು ಇಳಿಸಿದೆ. ಯೋಚಿಸಲೇ ಇಲ್ಲ ಗಿರಿಜಾ, ಇಪ್ಪತ್ತಾರು ವರ್ಷದ ರೂಢಿ, ಕೈ ತಾನಾಗಿ ಇಳಿಸಿತು. ದಾರಿಯುದ್ದಕ್ಕೂ ನೀನು ಒತ್ತಿದೆ, ದಾರಿಯುದ್ದಕ್ಕೂ ನಾನು ನಲವತ್ತರಲ್ಲೇ ಹೋದೆ. ಡಾಕ್ಟರು ನಿನ್ನನ್ನು ನೋಡಿ ಹೊರಗೆ ಬಂದು, "ಇನ್ನೊಂದೀಟು ಮೊದ್ಲ ಬಂದಿದ್ರ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಅವರು ನಿಲ್ಲಿಸಿದ ಮಾತನ್ನು ನಾನು ದಿನವೂ ಮುಂದುವರಿಸುತ್ತೇನೆ. ನೀನು ಒತ್ತಿದ್ದು ಸಾವಕಾಶ ಹೋಗಿರಿ ಎಂದೋ? ಅಥವಾ ನೋವು ತಡೆಯಲಾರದೆ ನನ್ನನ್ನು ಹಿಡಿದುಕೊಂಡದ್ದೋ? ತಿರುಗಿ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಹದಿಮೂರನೆಯ ದಿನ ಮುಗಿಸಿ ಮಗಳು ನರಗುಂದಕ್ಕೆ ಗಂಡನ ಮನೆಗೆ ಹೊರಟಾಗ, ಹೆಲ್ಮೆಟ್ ತಂದು ನನ್ನ ಕೈಗಿಟ್ಟು, "ಸಾವಕಾಶ ಓಡ್ಯಾಡಪಾ" ಅಂದಳು. ಹೂಂ ಅಂದೆ. ಮರುದಿನದಿಂದ ಎಂಬತ್ತಕ್ಕಿಂತ ಕೆಳಗೆ ನಾನು ಗಾಡಿ ಓಡಿಸಿಲ್ಲ. ಊರೊಳಗಿನ ಬೋರ್ಡು, ಜನ ತಾವೇ ಕಲ್ಲುಮಣ್ಣು ಸುರಿದು ಮಾಡಿದ ಹಂಪು, ಯಾವುದನ್ನೂ ಲೆಕ್ಕಕ್ಕೆ ಇಡಲಿಲ್ಲ. ಹಾಗೆ ಓಡಿಸುವವರಿಗೆ ಸೊಕ್ಕು ಎಂದು ಜನ ಅನ್ನುತ್ತಾರೆ. ಕೆಲವರಿಗೆ ಇರಬಹುದು. ನನಗೆ ಮಾತ್ರ ಹ್ಯಾಂಡಲ್ ಹಿಡಿದ ಕೂಡಲೇ ಹೊತ್ತಾಯಿತು, ಹೊತ್ತಾಯಿತು ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಮನೆಗೆ ಬಂದರೆ ಬೀಗ ತೆಗೆಯುವವನೂ ನಾನೇ. ಒಬ್ಬನಿಗೆಂದು ಅನ್ನಕ್ಕೆ ಇಟ್ಟರೂ ಅಳತೆ ತಪ್ಪಿ ಇಬ್ಬರದಾಗುತ್ತದೆ. ಯಾರಾದರೂ ನಿನ್ನನ್ನು ಕೇಳಿದರೆ "ಆಕಿ ಇಲ್ಲ" ಅಂದುಬಿಡುತ್ತಿದ್ದೆ, ನೀರಿಗೆ ಹೋಗಿದ್ದಾಳೆ ಅನ್ನುವ ಹಾಗೆ. ಇನ್ನೊಂದು ಮಾತು ಬಾಯಿಗೆ ಬರುತ್ತಲೇ ಇರಲಿಲ್ಲ.

ಮೊನ್ನೆ ಜಕ್ಕಲಿ ಇನ್ನೂ ಎರಡು ಮೈಲಿ ಇರುವಾಗ ಒಬ್ಬ ಮುದುಕಿ ಆಡು ದಾಟಿಸುತ್ತಿದ್ದಳು. ಕಂಡೆ, ಬ್ರೇಕು ಒತ್ತಿದೆ. ರಸ್ತೆಯಂಚಿನ ಗರಸುಮಣ್ಣಿನಲ್ಲಿ ಗಾಲಿ ಜಾರಿ, ಗಾಡಿ ಒಂದು ಕಡೆ, ನಾನು ಒಂದು ಕಡೆ. ಹೆದರಬೇಡ, ಮೊಣಕಾಲು ತರಚಿದೆ ಅಷ್ಟೆ, ಆಡುಗಳಿಗೂ ಏನೂ ಆಗಲಿಲ್ಲ. ಮುದುಕಿ ಕೋಲು ಹಿಡಿದು ಬಂದಳು. "ಯಾರ ಸಾಯಾಕತ್ತಾರೋ ನಿಮ್ಮ ಮನ್ಯಾಗ, ಹಿಂಗ ಹಾರಸ್ಕೊಂಡ ಹೊಂಟಿಯಲ್ಲ?"

"ನನ್ನ ಹೇಣ್ತಿ, ಯವ್ವಾ" ಅಂದೆ. ಬಾಯಿಂದ ಹಾಗೇ ಬಂತು.

ಅವಳ ಮುಖವೇ ಬದಲಾಯಿತು. ಕೋಲು ಬಿಸಾಕಿ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. "ಅಯ್ಯ ಶಿವನ! ಏಳು ತಮ್ಮಾ, ಲಗೂ ಏಳು. ಯಾವ ದವಾಖಾನ್ಯಾಗ ಅದಾಳ? ಕಾಲು ಆಮ್ಯಾಲ ನೋಡ್ಕೊಳ್ಳಾಕ ಬರತೈತಿ, ಮೊದ್ಲ ಹೋಗು ನೀ!" ಬಗ್ಗಿದ ಬೆನ್ನಿನ ಆ ಜೀವ ಒಂದು ಕಡೆಯಿಂದ ಗಾಡಿ ಎತ್ತಲು ನೋಡುತ್ತಿತ್ತು, ಇನ್ನೊಂದು ಕಡೆ ಹುಶ್ ಹುಶ್ ಎಂದು ಆಡುಗಳನ್ನು ಓಡಿಸಿ ನನಗೆ ದಾರಿ ಬಿಡಿಸುತ್ತಿತ್ತು. ಎಂಟು ತಿಂಗಳಲ್ಲಿ ನನ್ನ ಅವಸರವನ್ನು ನಂಬಿದವಳು ಅವಳೊಬ್ಬಳೇ. ಅವಳಿಗೆ ಸುಳ್ಳು ಹೇಳಿ ಗಾಡಿ ಹತ್ತಲು ಆಗಲಿಲ್ಲ.

"ಆಕಿ ಸತ್ತ ಎಂಟ ತಿಂಗಳಾತು, ಯವ್ವಾ."

ಮುದುಕಿ ಗಾಡಿ ಬಿಟ್ಟಳು. "ಹಂಗಾರ ಈಗ ಎಲ್ಲಿಗೆ ಹೊಂಟಿದ್ದಿ?" ಎಂದು ಮೆಲ್ಲಗೆ ಕೇಳಿದಳು. ಒಂದು ಮಷೀನು ನೋಡುವುದಕ್ಕೆ ಎಂದು ಹೇಳಬೇಕಿತ್ತು. ಹೇಳಲಾರದೆ ಅಲ್ಲೇ ರಸ್ತೆಯ ಬದಿಗೆ ಕೂತು ಅತ್ತೆ. ಅವಳು ಪಕ್ಕದಲ್ಲಿ ಕೂತಳು.

ನಿನಗೆ ಹೇಳಬೇಕಾದ ಸುದ್ದಿ ಇದೇ, ಗಿರಿಜಾ. ನೀನು ಸತ್ತೆ ಎಂದು ಮೊನ್ನೆ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಹೇಳಿದ ಮೇಲೆ ಎದೆಯೊಳಗಿನ ಆ ಅವಸರ ನಿಂತಿತು. ಆದರೆ ಅದೊಂದೇ ಈ ಎಂಟು ತಿಂಗಳು ನನ್ನ ಜೊತೆಗಿತ್ತು, ಈಗ ಅದೂ ಇಲ್ಲ. ಗಾಡಿ ಶುರುವಾಗುವಂತಿದ್ದರೂ ಶುರುಮಾಡಲಿಲ್ಲ. ಜಕ್ಕಲಿಯ ತನಕ ತಳ್ಳಿಕೊಂಡು ನಡೆದೆ.